ಸಿವಾಸ್‌ನಲ್ಲಿ ಒಂದೂ ಇಪ್ಪತ್ತು

ನನ್ನ ಕೆಲಸ ಇಷ್ಟೇ: ಗುಂಡುಸೂಜಿ ಚುಚ್ಚುವುದು.
ಎಂಬತ್ತೊಂದು ಪ್ರಾಂತ್ಯಗಳ ನಕ್ಷೆಯ ಮೇಲೆ
ಐದೇ ಐದು ಸೂಜಿ.
ಯಾವ ಊರಿನ ಪೊಟ್ಟಣ ಯಾವ ಊರಿಗೇ ಹೋಗಲಿ
ಇವುಗಳಲ್ಲೊಂದರ ಅಂಗಳದಲ್ಲಿ ಇಳಿದು, ಹತ್ತಿ,
ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಗಿಲು ಬಡಿಯಬೇಕು.
ಹಾಗಂತ ಲಾರಿಗಳ ಬೆನ್ನ ಮೇಲೆ
ಹಳದಿ ಅಕ್ಷರದಲ್ಲಿ ಬರೆಸಿದ್ದಾರೆ ಫೆರ್ರುಖ್ ಬೇ.
ತಪ್ಪಿದರೆ ದುಡ್ಡು ವಾಪಸ್.

ಹೆಚ್ಚಿನವು ಹೇಗೆ ಹೋದರೂ ತಲುಪುತ್ತವೆ.
ಇಸ್ಮಿರ್‌ನಿಂದ ಮನಿಸಾಗೆ ನಡೆದೇ ಹೋಗಬಹುದು ಬೇಕಿದ್ದರೆ.
ಸರಾಸರಿ ಕೇಳಿದರೆ ಹನ್ನೊಂದು ಗಂಟೆ, ಚೆಂದ.
ಆದರೆ ಸರಾಸರಿ ಮೊಣಕಾಲುದ್ದದ ಹೊಳೆಯಲ್ಲೂ
ಜನ ಮುಳುಗಿದ್ದಾರೆ;
ನನಗೆ ಬೇಕಾದದ್ದು ಮಡುವಿನ ಆಳ.
ಆರ್ದಹಾನ್, ಮುಗ್ಲಾ:
ಜಾರ್ಜಿಯಾದ ಗಡಿಗೆ ಕಿವಿಯಿಟ್ಟು ಮಲಗಿದ್ದು ಒಂದು,
ಏಜಿಯನ್ ಸಮುದ್ರಕ್ಕೆ ಕಾಲು ಇಳಿಬಿಟ್ಟದ್ದು ಇನ್ನೊಂದು.

“ಕೈಸೇರಿಗೆ ಚುಚ್ಚು,” ಅಂದರು ಬೇ. “ಬಾಡಿಗೆ ಅರ್ಧ,
ನನ್ನ ಭಾವಮೈದುನನದೇ ಗೋದಾಮು.”
ಚುಚ್ಚಿ ನೋಡಿದೆ.
ಆರ್ದಹಾನಿನ ಲಾರಿ ಅಲ್ಲಿಗೆ ಬರುವುದು ಮೂರೂವರೆಗೆ.
ಅದಕ್ಕೆ ಕಾದರೆ ಉಳಿದ ಹನ್ನೆರಡು ಲಾರಿಗಳ ಮಾತು ಮುರಿಯುತ್ತದೆ,
ಕಾಯದಿದ್ದರೆ ಆರ್ದಹಾನಿನದು.
“ಬಿಡು ಹಾಗಾದರೆ ಆರ್ದಹಾನ್. ದಿನಕ್ಕೆ ನಲವತ್ತು ಪೊಟ್ಟಣ.
ಸಣ್ಣಕ್ಷರದಲ್ಲಿ ಬರೆದರಾಯಿತು: ಕೆಲವು ಊರುಗಳ ಹೊರತು.”

ಸಣ್ಣಕ್ಷರ.
ಅದರಲ್ಲಿ ಎಷ್ಟು ಊರು ಹಿಡಿಸುತ್ತವೆ ಅಂತ
ಲೋಟದ ಚಹಾ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಲೆಕ್ಕ ಹಾಕಿದೆ.
ಹತ್ತೊಂಬತ್ತು.
ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನುತ್ತಾರಲ್ಲ,
ಸೂಜಿ ಕಿತ್ತು ಸಿವಾಸ್‌ಗೆ ಚುಚ್ಚಿದೆ. ಬಾಡಿಗೆ ದುಪ್ಪಟ್ಟು.
ಒಂದೂ ಇಪ್ಪತ್ತಕ್ಕೆ ಎಲ್ಲ ಬಂದು, ಎರಡಕ್ಕೆ ಎಲ್ಲ ಹೊರಡುವ ಹಾಗೆ.

ಮೊದಲ ವಾರ ನಾನೇ ಹೋದೆ ನೋಡಲು.
ಜೂನ್, ಆದರೂ ಮೈಕೊರೆಯುವ ಗಾಳಿ.
ಹನ್ನೆರಡು ಲಾರಿ ಬಾಯಿ ತೆರೆದು ನಿಂತಿವೆ,
ಹದಿಮೂರನೆಯ ಜಾಗ ಖಾಲಿ, ಬಿದ್ದ ಹಲ್ಲಿನ ಹಾಗೆ.
ಒಂದೂವರೆ. ಒಂದೂ ಮುಕ್ಕಾಲು.
ಅಂಗಳದ ಮೇಸ್ತ್ರಿ ಜೆವ್ದೆತ್ ಸೂರ್ಯಕಾಂತಿ ಬೀಜ ಕಡಿಯುತ್ತ
ನನ್ನ ಮುಖ ನೋಡುತ್ತಾನೆ, ಗಡಿಯಾರ ನೋಡುವುದಿಲ್ಲ.
“ಬಿಟ್ಟುಬಿಡೋಣವೇ, ನೆರ್ಮಿನ್ ಹಾನಿಮ್?”

ನನ್ನ ಸಮೀಕರಣದಲ್ಲಿ ಇದಕ್ಕೊಂದು ಅಕ್ಷರವಿದೆ,
ಕಾಯುವ ಹೊತ್ತು; ತಲೆಯ ಮೇಲೆ ಪುಟ್ಟದೊಂದು ಟೋಪಿ.
ಅದಕ್ಕೆ ಚಳಿಯಾಗುವುದಿಲ್ಲ. ಹನ್ನೆರಡು ಜನ ಚಾಲಕರು
ಅದರ ಕಡೆ ತಿರುಗಿ ಕೆಮ್ಮುವುದಿಲ್ಲ.

ಒಂದೂ ಐವತ್ತೊಂಬತ್ತಕ್ಕೆ ಬಂತು.
ಸತಿಲ್ಮಿಶ್ ಇಳಿದವನೇ ಹೇಳಿದ: “ಕುರಿ.”
ಅಷ್ಟೇ.
ಬೇಸಿಗೆಯ ಹುಲ್ಲಿಗೆ ಬೆಟ್ಟ ಹತ್ತುತ್ತಿದ್ದ ಮಂದೆ
ಗೋಲೆಯ ಹತ್ತಿರ ದಾರಿ ದಾಟಿದೆ. ಎರಡು ಸಾವಿರ ಕುರಿ,
ಒಂದು ಕತ್ತೆ, ಬಿಸಿಲಿಗೆ ಮೂಗು ಸುಲಿದ ಒಬ್ಬ ಹುಡುಗ,
ಮೂವತ್ತೊಂಬತ್ತು ನಿಮಿಷ.
ಅವು ಯಾರಿಗೂ ಭರವಸೆ ಕೊಟ್ಟಿರಲಿಲ್ಲ.

ಮೊದಲು ಇಳಿದದ್ದು ಒಂದು ರಟ್ಟಿನ ಪೆಟ್ಟಿಗೆ, ಮೈತುಂಬ ತೂತು.
ಕಳಿಸಿದವರು: ಹಮಿಯೆತ್, ಪೋಸೋಫ್.
ಒಳಗೆ ಬೆಂಕಿಪೊಟ್ಟಣದಷ್ಟೇ ಪಂಜರಗಳಲ್ಲಿ
ಮೂವತ್ತು ರಾಣಿಜೇನು, ಒಬ್ಬೊಬ್ಬಳಿಗೂ ಐದಾರು ದಾಸಿಯರು,
ಬಾಗಿಲಿಗೆ ಸಕ್ಕರೆಯ ಬಿರಡೆ.
ಮುಗ್ಲಾದಲ್ಲಿ ಮೂವತ್ತು ಗೂಡು ತಾಯಿಯಿಲ್ಲದೆ ಗೊಣಗುತ್ತಿವೆಯಂತೆ.
ಜೆವ್ದೆತ್ ಪೆಟ್ಟಿಗೆಯನ್ನು ಕಿವಿಗಿಟ್ಟುಕೊಂಡ,
ನನಗೂ ಕೊಟ್ಟ.
ಉಪಮೆಯೊಂದು ನಾಲಿಗೆಯ ತುದಿಗೆ ಬಂದಿತ್ತು, ಅಂಗಳ, ಗೂಡು, ಲಾರಿ, ಜೇನು.
ಬಾಯಿ ಮುಚ್ಚಿಕೊಂಡೆ. ಎರಡೂ ಹತ್ತಾಗಿತ್ತು.

ಎರಡೂ ಮೂವತ್ತೊಂದಕ್ಕೆ ಹದಿಮೂರೂ ಹೊರಟವು.
ರಾಣಿಯರು ಐದರ ಗಡುವಿಗೆ ಹತ್ತು ನಿಮಿಷ ಮೊದಲೇ ಮುಟ್ಟಿದರು.
ಹಕ್ಕಾರಿಗೆ ಹೋಗಬೇಕಿದ್ದ ಮದುಮಗನ ಬೂಟು
ಇಪ್ಪತ್ತು ನಿಮಿಷ ತಡ. ದುಡ್ಡು ವಾಪಸ್ ಕೊಟ್ಟೆವು.
ಅಣ್ಣನ ಬೂಟಿನಲ್ಲೇ ಮದುವೆಯಾದನಂತೆ,
ಒಂದು ಬೆರಳು ದೊಡ್ಡದಂತೆ, ಕುಣಿಯುವಾಗ ಕಳಚಿತಂತೆ.

ನಕ್ಷೆಯಲ್ಲಿ ಸಿವಾಸ್‌ನ ಸೂಜಿಯ ಪಕ್ಕ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ಜೂನ್, ಕುರಿ, ೩೯.
ಬೂಟಿನದು ಎಲ್ಲಿ ಬರೆಯಬೇಕೋ ಇನ್ನೂ ತಿಳಿದಿಲ್ಲ.